ಮೇಷ್ಟ್ರ ಎಡಗೈ

ಸೋಫಾ ಅಕ್ಕ ಕೈವರಸೆ ಶಾಲೆಗೆ ಮೊದಲ ಸಲ ಹೋದದ್ದು ಕೈವರಸೆ ಕಲಿಯುವುದಕ್ಕಲ್ಲ, ಹರಿದ ಹಾಸು ಹೊಲಿಯುವುದಕ್ಕೆ. ಕುರ್ಚಿ, ಸೋಫಾ, ಬಸ್ಸಿನ ಸೀಟು, ಏನು ಹರಿದರೂ ಹೊಸ ಬಟ್ಟೆ ತೊಡಿಸಿ ಕೊಡುವುದು ಅವಳ ಕಸುಬು. ಆವತ್ತು ದಬ್ಬಳ ಹಿಡಿದು ಮೂಲೆಯಲ್ಲಿ ಕೂತು ದಪ್ಪ ಕ್ಯಾನ್ವಾಸ್ ಹೊಲಿಯುತ್ತಾ, ಒಂದು ಕಣ್ಣು ಹೊಲಿಗೆಯ ಮೇಲೆ, ಇನ್ನೊಂದು ಕಣ್ಣು ಗುದ್ದಾಡುವವರ ಮೇಲೆ ಇಟ್ಟಿದ್ದಳು. ಮೇಷ್ಟ್ರು ಅದನ್ನು ಗಮನಿಸಿ, "ಬರೀ ನೋಡಿದ್ರೆ ಕೈಗೆ ಬರಲ್ಲಮ್ಮ, ಎದ್ದು ಬಾ" ಎಂದರು. ಎದ್ದು ಹೋದಳು. ಕಣ್ಣು ಮಿಟುಕಿಸುವಷ್ಟರಲ್ಲಿ ತಾನೇ ಹೊಲಿದ ಹಾಸಿನ ಮೇಲೆ ಅಂಗಾತ ಬಿದ್ದಿದ್ದಳು. ಮೇಷ್ಟ್ರು ಬಗ್ಗಿ ಅವಳನ್ನಲ್ಲ, ಹಾಸನ್ನು ಮುಟ್ಟಿ ನೋಡಿ, "ಹೊಲಿಗೆ ಗಟ್ಟಿಯಾಗಿದೆ" ಎಂದರು.

ಆಗ ಅವಳಿಗೆ ಮದುವೆ ಕೂಡ ಆಗಿರಲಿಲ್ಲ. ಈಗ ಅವಳ ಮಗಳೇ ಕೆಲಸಕ್ಕೆ ಹೋಗುವಷ್ಟು ದೊಡ್ಡವಳು. ಇಷ್ಟು ವರ್ಷದಲ್ಲಿ ಸೋಫಾ ಅಕ್ಕ ಶಾಲೆಯ ಹಿರೀ ಶಿಷ್ಯೆಯಾಗಿದ್ದಳು. ಬೀಗದ ಕೈ ಒಂದು ಮೇಷ್ಟ್ರ ಹತ್ತಿರ, ಇನ್ನೊಂದು ಅವಳ ಹತ್ತಿರ.

ಶಾಲೆ ಇದ್ದದ್ದು ಟೈರ್ ಅಂಗಡಿಯ ಮಹಡಿ ಮೇಲೆ. ಕಿರಿದಾದ ಮೆಟ್ಟಿಲು ಹತ್ತುವಾಗ ಮೂಗಿಗೆ ರಬ್ಬರಿನ ವಾಸನೆ, ಬಾಗಿಲು ತೆರೆದರೆ ಬೆವರಿನ ವಾಸನೆ. ಉದ್ದನೆಯ ಕೋಣೆ, ಬೀದಿ ಕಡೆ ಸಾಲು ಕಿಟಕಿ, ಗೋಡೆಗೆ ಒಂದು ಬಿರುಕು ಬಿಟ್ಟ ಕನ್ನಡಿ. ಮೇಷ್ಟ್ರು ಅಲ್ಲಿ ಹೊಸಬರಿಗೆಲ್ಲ ಮೊದಲ ದಿನವೇ ಹೇಳುತ್ತಿದ್ದ ಮಾತು ಒಂದೇ: "ತೆರಪು ಇಲ್ಲದ ವರಸೆ ಅಂತ ಈ ಭೂಮಿ ಮೇಲೆ ಇಲ್ಲ. ಮೇಲೆ ಮುಚ್ಚಿದ್ರೆ ಕೆಳಗೆ ತೆರ್ಕೊಳ್ಳುತ್ತೆ, ಎಡಗಡೆ ಮುಚ್ಚಿದ್ರೆ ಬಲಗಡೆ. ಹೊಡೆಯೋ ಕೈ ಹೊರಗೆ ಹೊರಟಿತು ಅಂದ್ರೆ ಮನೇಲಿ ಕಾವಲಿಗೆ ಉಳಿಯೋದು ಇನ್ನೊಂದೇ ಕೈ. ಎಲ್ಲಿ ತೆರಪಿದೆ ಅಂತ ನಿಮಗೆ ಗೊತ್ತಿರಲಿ. ಎದುರಾಳಿಗೆ ಮೊದಲು ಗೊತ್ತಾಗೋದು ಬೇಡ."

ಅವರ ಎಡಗೈ ಊರಿಗೆಲ್ಲ ಪ್ರಸಿದ್ಧ. ಗಲ್ಲದ ಪಕ್ಕ ಸುಮ್ಮನೆ ಮಲಗಿದ ಬೆಕ್ಕಿನ ಹಾಗೆ ಇರುತ್ತಿತ್ತು. ಗುದ್ದು ಬಂತೋ, ಬೆಕ್ಕು ಎದ್ದಿರುತ್ತಿತ್ತು. ಅವರ ಮುಖ ಮುಟ್ಟಿದೆ ಎಂದು ಹೇಳಿಕೊಳ್ಳುವ ಶಿಷ್ಯ ಇನ್ನೂ ಹುಟ್ಟಿರಲಿಲ್ಲ.

ಆದರೆ ಈಚೆಗೆ ಮೇಷ್ಟ್ರ ವರಸೆ ಬದಲಾಗಿತ್ತು. ಎಡಗೈ ಗಲ್ಲದ ಪಕ್ಕದಿಂದ ಮೇಲಕ್ಕೆ ಏರಿ ನೆತ್ತಿಯ ಹತ್ತಿರ ನಿಂತಿತು. ಮೊಣಕೈ ರೆಕ್ಕೆಯ ಹಾಗೆ ಹೊರಗೆ ಬಂತು. ತಲೆಯೂ ಒಂದಿಷ್ಟು ಎಡಕ್ಕೆ ತಿರುಗಿ, ಬಲಗಣ್ಣಿನಿಂದ ಜಗತ್ತನ್ನು ನೋಡುವ ಹಾಗಾಯಿತು. ಯಾಕೆ ಎಂದು ಅವರು ಹೇಳಲಿಲ್ಲ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಕೇಳದಿದ್ದರೇನು, ಅರ್ಥ ಹೇಳುವುದಕ್ಕೆ ಜನ ಇದ್ದೇ ಇದ್ದರು. ಶಿಷ್ಯರಲ್ಲಿ ಒಬ್ಬ ಪೋಸ್ಟ್‌ಮ್ಯಾನ್. ಉದ್ದನೆಯ ಆಳು, ದಿನವಿಡೀ ಮನೆ ಮನೆ ಅಲೆದರೂ ಕಾಲಿಗಿಂತ ಬಾಯಿಗೇ ಹೆಚ್ಚು ಕೆಲಸ. ಅವನು ಆ ಭಂಗಿಗೆ "ಗೋಪುರ ಕಾವಲು" ಎಂದು ನಾಮಕರಣವನ್ನೇ ಮಾಡಿಬಿಟ್ಟ.

"ನೋಡಿ ಅಕ್ಕ, ಇದು ಬಹಳ ಒಳ ವಿದ್ಯೆ" ಎಂದು ಬಟ್ಟೆ ಬದಲಿಸುವಾಗ ಪರದೆಯ ಆಚೆಯಿಂದ ವಿವರಿಸುತ್ತಿದ್ದ. "ಕೈ ಮೇಲಿದ್ರೆ ಎದುರಾಳಿ ಕಣ್ಣು ಮೇಲೆ ಹೋಗುತ್ತೆ. ಮೇಷ್ಟ್ರು ಸುಮ್ನೆ ಏನಾದ್ರೂ ಮಾಡ್ತಾರಾ?"

ಹೀಗೆ ಒಬ್ಬರನ್ನು ನೋಡಿ ಒಬ್ಬರು, ಶಾಲೆಗೆ ಶಾಲೆಯೇ ಎಡಗೈ ಮೇಲೆತ್ತಿ ನಿಂತಿತು. ಸೋಫಾ ಅಕ್ಕನೂ ಎತ್ತಿದಳು. ಪಕ್ಕೆಲುಬಿನ ಹತ್ತಿರ ಕಿಟಕಿ ತೆರೆದಿಟ್ಟ ಹಾಗೆ ತಣ್ಣಗೆ ಅನ್ನಿಸುತ್ತಿತ್ತು. ಆದರೂ ಎತ್ತಿದಳು. ಮೇಷ್ಟ್ರಿಗೆ ಗೊತ್ತಿಲ್ಲದ್ದು ತನಗೇನು ಗೊತ್ತು?

ಮೇಷ್ಟ್ರು ಬೇಡ ಎನ್ನಲೂ ಇಲ್ಲ. ಅವರು ಈಗೀಗ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತೇ ಪಾಠ ಹೇಳುತ್ತಿದ್ದರು. ತಿದ್ದುತ್ತಿದ್ದುದೆಲ್ಲ ಕಾಲಿನದೇ. "ಹಿಮ್ಮಡಿ ತಡವಾಯ್ತು." "ಯಾರದು ಕಾಲು ಎಳೀತಿರೋದು?" ಒಂದೂ ತಪ್ಪುತ್ತಿರಲಿಲ್ಲ. ಮೇಷ್ಟ್ರಿಗೆ ಮೈಯೆಲ್ಲಾ ಕಣ್ಣು ಎಂದು ಎಲ್ಲರೂ ಬೆರಗಾಗುತ್ತಿದ್ದರು.

ಇಂಥ ಹೊತ್ತಿನಲ್ಲಿ ಮೀಸೆ ಮೇಷ್ಟ್ರು ತಮ್ಮ ಶಿಷ್ಯರನ್ನು ಕರೆದುಕೊಂಡು ಬಂದರು. ಅವರು ಮೇಷ್ಟ್ರ ಹಳೇ ಜೊತೆಗಾರರು. ಒಂದೇ ಗುರುವಿನ ಹತ್ತಿರ ಒಟ್ಟಿಗೆ ಏಟು ತಿಂದವರು. ನದಿಯ ಆಚೆ ದಡದಲ್ಲಿ ಅವರದೇ ಬೇರೆ ಶಾಲೆ. ಆಗಾಗ ಎರಡೂ ಶಾಲೆಯವರು ಸೇರಿ ಸ್ನೇಹದ ಗುದ್ದಾಟ ಆಡುವುದು ರೂಢಿ. ಮೆತ್ತನೆಯ ಕೈಗವಸು, ಅಳತೆಯ ಏಟು, ಕೊನೆಗೆ ಎಲ್ಲರಿಗೂ ಚಹಾ.

ಮೊದಲು ಎದ್ದವನು ಪೋಸ್ಟ್‌ಮ್ಯಾನ್. ಗೋಪುರದ ಹಾಗೆ ಕೈ ಎತ್ತಿ ಗಂಭೀರವಾಗಿ ನಿಂತ. ಎದುರಿನ ಹುಡುಗಿ ಅವನ ಎದೆಯ ಎತ್ತರಕ್ಕೂ ಇರಲಿಲ್ಲ. ಒಂದು ಹೆಜ್ಜೆ ಒಳಗೆ ಬಂದು, ಎತ್ತಿದ ಮೊಣಕೈ ಕೆಳಗೆ, ಪಕ್ಕೆಗೆ ಒಂದು ಕೊಟ್ಟಳು. ಪೋಸ್ಟ್‌ಮ್ಯಾನ್ "ಹುಕ್" ಎಂದು ಬಗ್ಗಿದ. ಅವನ ಹಿಂದೆ ಎದ್ದವನಿಗೂ ಅದೇ ಜಾಗ. ಅದರ ಮುಂದಿನವಳಿಗೂ ಅದೇ ಜಾಗ. ಸೋಫಾ ಅಕ್ಕ ಎದ್ದಳು. ಗೊತ್ತಿದ್ದೂ ಗೊತ್ತಿದ್ದೂ ಅವಳ ಎಡಗೈ ತಾನಾಗಿ ಮೇಲೆ ಹೋಯಿತು. ಪಕ್ಕೆಗೆ ಬಿದ್ದ ಏಟು ಬೆನ್ನಿನ ತನಕ ಹೋಗಿ ಬಂತು.

ಮೀಸೆ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಏನಯ್ಯಾ, ನಿನ್ನ ಶಿಷ್ಯರೆಲ್ಲ ಬಸ್ಸಲ್ಲಿ ಕಂಬಿ ಹಿಡ್ಕೊಂಡು ನಿಂತವರ ಹಾಗೆ ನಿಂತಿದ್ದಾರಲ್ಲ! ಮುಂದಿನ ಸ್ಟಾಪಲ್ಲಿ ಇಳೀತಾರಾ?"

ಮೇಷ್ಟ್ರು ನಗಲಿಲ್ಲ. ಪಕ್ಕೆ ಒತ್ತಿಕೊಳ್ಳುತ್ತಾ ಬಂದ ಸೋಫಾ ಅಕ್ಕನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು: "ಎಲ್ಲರಿಗೂ ಒಂದೇ ಕಡೆ ಬೀಳ್ತಿರೋ ಸದ್ದು ಕೇಳ್ತಿದೆ. ಯಾಕಮ್ಮಾ? ಕೈ ಎಲ್ಲಿಟ್ಟಿದ್ದೀರಿ ನೀವು?"

ಕೈ ಎಲ್ಲಿಟ್ಟಿದ್ದೀರಿ! ಕಣ್ಣೆದುರೇ ನಡೆದದ್ದನ್ನು ಇವರು ಕೇಳಿ ತಿಳಿದುಕೊಳ್ಳುತ್ತಿದ್ದಾರೆ. ಸೋಫಾ ಅಕ್ಕ ಉತ್ತರ ಹೇಳುವ ಮೊದಲೇ ಮೀಸೆ ಮೇಷ್ಟ್ರು ಮೇಷ್ಟ್ರ ಎಡಗಡೆಯಿಂದ ಬಂದು ಕೈ ಕುಲುಕಲು ಕೈ ಚಾಚಿದರು. ಆ ಕೈ ಗಾಳಿಯಲ್ಲೇ ನಿಂತಿತು. ಮೇಷ್ಟ್ರು ನೇರ ಮುಂದೆ ನೋಡುತ್ತಾ ಸುಮ್ಮನೆ ಕೂತಿದ್ದರು. ಮೀಸೆ ಮೇಷ್ಟ್ರು, "ಸೋತಿದ್ದಕ್ಕೆ ಕೋಪಾನಾ?" ಎಂದು ಬೆನ್ನು ತಟ್ಟಿ ಚಹಾದ ಕಡೆ ಹೊರಟರು. ಆದರೆ ಸೋಫಾ ಅಕ್ಕ ಚಹಾಕ್ಕೆ ಹೋಗದೆ ಮೇಷ್ಟ್ರ ಎಡಗಣ್ಣನ್ನೇ ನೋಡುತ್ತಾ ನಿಂತಳು.

ಎರಡು ದಿನ ಯೋಚನೆ ಮಾಡಿದಳು. ಮೂರನೇ ದಿನ ಬೆಳಿಗ್ಗೆ, ಬೇರೆಯವರು ಬರುವ ಮೊದಲೇ ಹೋಗಿ, "ಮೇಷ್ಟ್ರೇ, ನನ್ನ ಜೊತೆ ಒಂದು ಕೈ ಆಡಿ" ಎಂದಳು. ಮೇಷ್ಟ್ರು ಎದ್ದು ಹಾಸಿನ ಮೇಲೆ ಬಂದು ನಿಂತರು. ಅವಳು ಕಾಲ ಸಪ್ಪಳ ಮಾಡದೆ, ಉಸಿರೂ ಬಿಡದೆ, ಬಲಗೈಯನ್ನು ಅವರ ಎಡಗಡೆಯಿಂದ ನಿಧಾನಕ್ಕೆ, ಬಹಳ ನಿಧಾನಕ್ಕೆ ತಂದಳು. ಎತ್ತಿದ ಕೈಯ ಹಿಂದಿನಿಂದ ಹಾದು ಕೆನ್ನೆಯ ಹತ್ತಿರ ಬಂದರೂ ಬೆಕ್ಕು ಏಳಲಿಲ್ಲ. ಯಾರೂ ಮುಟ್ಟದ ಆ ಮುಖದ ಮೇಲೆ ಅವಳು ಅಂಗೈ ಇಟ್ಟಳು. ಗುದ್ದಿದ್ದಲ್ಲ, ಜ್ವರ ಬಂದ ಮಗುವಿನ ಕೆನ್ನೆ ಮುಟ್ಟಿದ ಹಾಗೆ ಮುಟ್ಟಿದಳು.

ಮೇಷ್ಟ್ರು ಅಲುಗಾಡಲಿಲ್ಲ. ಕೆಳಗೆ ಅಂಗಡಿಯಲ್ಲಿ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು.

"ಯಾವಾಗ ಗೊತ್ತಾಯ್ತು?" ಎಂದರು ಕೊನೆಗೆ.

"ಮೊನ್ನೆ, ಮೀಸೆ ಮೇಷ್ಟ್ರು ಕೈ ಚಾಚಿದಾಗ."

"ಬೇರೆ ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ. ಅವರೆಲ್ಲ ಅದನ್ನ ಒಳ ವಿದ್ಯೆ ಅಂದ್ಕೊಂಡಿದ್ದಾರೆ."

ಮೇಷ್ಟ್ರು ಹಾಸಿನ ಮೇಲೆ ಕೂತರು. ಎಡಗಣ್ಣಿಗೆ ಪೊರೆ ಬಂದು ಬಹಳ ಕಾಲವಾಗಿತ್ತಂತೆ. ಈಗ ಅದರಲ್ಲಿ ಬೆಳಕೊಂದು ಬಿಟ್ಟರೆ ಏನೂ ಕಾಣುವುದಿಲ್ಲ. ಬಲಗಣ್ಣೂ ಮಂಜು ಮಂಜು. ಡಾಕ್ಟರು ಸಣ್ಣ ಆಪರೇಷನ್ ಸಾಕು, ಸಂಜೆಗೆ ಮನೆಗೆ ಹೋಗಬಹುದು ಅಂದಿದ್ದಾರೆ.

"ಮತ್ತೆ ಮಾಡಿಸ್ಕೊಳ್ಳೋದಕ್ಕೇನು?" ಎಂದಳು ಸೋಫಾ ಅಕ್ಕ. "ಹೆದರಿಕೇನಾ?"

"ಹೆದರಿಕೆ ನನ್ನ ಬಗ್ಗೆ ಅಲ್ಲಮ್ಮ. ಡಾಕ್ಟರ ಬಗ್ಗೆ ಹೆದರಿಕೆ." ಮೇಷ್ಟ್ರು ತಮ್ಮ ಎಡಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿದರು. "ಎಚ್ಚರವಾಗೇ ಮಲಗಿರಬೇಕಂತೆ. ಕಣ್ಣ ಹತ್ತಿರ ಸಲಕರಣೆ ತರ್ತಾರಂತೆ. ಕೈ ಎತ್ತಬಾರದಂತೆ! ಜೀವಮಾನವೆಲ್ಲ ಮುಖದ ಹತ್ತಿರ ಬಂದದ್ದನ್ನ ತಡೆಯೋಕೆ ಕಲಿಸಿದ ಕೈ ಇದು. ನಾನು ಹೇಳಿದ್ರೆ ಕೇಳುತ್ತಾ? ಆ ಡಾಕ್ಟರು ಗುಬ್ಬಚ್ಚಿ ಹಾಗಿದ್ದಾಳೆ, ನನ್ನ ಮೊಮ್ಮಗಳ ವಯಸ್ಸು. ಅವಳ ದವಡೆಗೆ ಬಿದ್ರೆ ಗತಿಯೇನು?"

ಸೋಫಾ ಅಕ್ಕನಿಗೆ ನಗು ಬಂತು. ಆದರೆ ಅವರ ಮುಖ ನೋಡಿ ನುಂಗಿಕೊಂಡಳು. "ಕೈ ಕಟ್ಟಿ ಅಂತ ಹೇಳಿ."

"ಕೈ ಕಟ್ಟಿಸ್ಕೊಂಡು ಮಲಗೋಕೆ ನಾನೇನು ಕಳ್ಳನಾ?"

"ಹಾಗಾದ್ರೆ ಕೈಗೆ ಪಾಠ ಹೇಳೋಣ" ಎಂದಳು ಸೋಫಾ ಅಕ್ಕ. "ಏಳೋದನ್ನ ಕಲಿಸಿದ್ದೀರಿ. ಏಳದೇ ಇರೋದನ್ನೂ ಕಲಿಸಬಹುದು."

"ಗುರುವಿಗೇ ತಿರುಮಂತ್ರ ಹಾಕ್ತೀಯಾ?"

"ಹೂಂ, ಹಾಕ್ತೀನಿ. ಮಧ್ಯಾಹ್ನ ಅಂಗಡಿಗೆ ಬನ್ನಿ."

ಅವಳ ಅಂಗಡಿಯಲ್ಲಿ ಆಗ ಯಾರದೋ ಉದ್ದನೆಯ ಸೋಫಾ ರಿಪೇರಿಗೆ ಬಂದಿತ್ತು. ಹೊಸ ಸ್ಪಂಜು ಹಾಕಿ ಆಗಿತ್ತು, ಮೇಲಿನ ಬಟ್ಟೆ ಇನ್ನೂ ಇರಲಿಲ್ಲ. ಮೇಷ್ಟ್ರನ್ನು ಅದರ ಮೇಲೆ ಮಲಗಿಸಿದಳು. ಜೊತೆಗೆ ಮೇಷ್ಟ್ರ ಹೆಂಡತಿಯೂ ಬಂದಿದ್ದರು. ಶಿಷ್ಯರೆಲ್ಲ ಅವರನ್ನು ಅಮ್ಮ ಎಂದೇ ಕರೆಯುವುದು. ಗಂಡ ಪೇಪರ್ ಓದುವುದನ್ನು ಬಿಟ್ಟಾಗ "ಬರೀ ಕೆಟ್ಟ ಸುದ್ದಿ" ಎಂದಿದ್ದನ್ನು ಅವರು ನಂಬಿದ್ದರು. ಚಹಾ ಲೋಟದ ಪಕ್ಕಕ್ಕೆ ಸುರಿದಾಗ ಮಾತ್ರ ನಂಬಿಕೆ ಹೋಗಿತ್ತು. ಆದರೆ ಈ ಗಂಡಸಿಗೆ ಹೇಳಿ ಗೆಲ್ಲುವವರು ಯಾರು ಎಂದು ಸುಮ್ಮನಿದ್ದರು.

ಸೋಫಾ ಅಕ್ಕ ಒಂದು ಚಮಚ ಹಿಡಿದು ಮೇಷ್ಟ್ರ ಕಣ್ಣ ಹತ್ತಿರ ತಂದಳು. ಎಡಗಣ್ಣಿಗೆ ಕಾಣದಿದ್ದರೂ ಬಲಗಣ್ಣಿಗೆ ಅಷ್ಟು ಹತ್ತಿರದ್ದು ಕಾಣುತ್ತಿತ್ತು. ಕೈ ಯಾವಾಗ ಎದ್ದಿತೋ ಯಾರಿಗೂ ಕಾಣಲಿಲ್ಲ. ಚಮಚ ಹಾರಿ ಕಪಾಟಿನ ಹಿಂದೆ ಬಿತ್ತು. ಅವಳ ಮಣಿಕಟ್ಟು ಜುಂ ಎಂದಿತು.

"ನೋಡಿದ್ಯಾ?" ಎಂದರು ಮೇಷ್ಟ್ರು. ದನಿಯಲ್ಲಿ ದುಃಖ ಇತ್ತೋ ಹೆಮ್ಮೆ ಇತ್ತೋ ಹೇಳುವುದು ಕಷ್ಟ.

ಇನ್ನೊಂದು ಚಮಚ ತಂದಳು. ಅದೂ ಹಾರಿತು. "ಏಳಲ್ಲ, ಏಳಲ್ಲ" ಎಂದು ಮೇಷ್ಟ್ರು ಬಾಯಲ್ಲಿ ಹೇಳುತ್ತಲೇ ಇದ್ದರು, ಕೈ ಏಳುತ್ತಲೇ ಇತ್ತು. ಆಮೇಲೆ ಅಮ್ಮ, "ಕೊಡೇ ಇಲ್ಲಿ, ನನ್ನ ಮೇಲೆ ಕೈ ಎತ್ತೋ ಧೈರ್ಯ ಇದೆಯಾ ನೋಡ್ತೀನಿ" ಎಂದು ಚಮಚ ಕಿತ್ತುಕೊಂಡು ತಾವೇ ಬಗ್ಗಿದರು. ಚಮಚ ಬೀದಿಗೆ ಹೋಯಿತು.

"ಮದುವೆಯಾದಾಗಿಂದ ಒಂದು ದಿನವೂ ನನ್ನ ಮೇಲೆ ಕೈ ಎತ್ತಿದವರಲ್ಲ ನೀವು" ಎಂದರು ಅಮ್ಮ. "ಈಗ ಒಂದು ಚಮಚಕ್ಕೆ ಎತ್ತಿದ್ರಿ."

ಮೇಷ್ಟ್ರು ಎದ್ದು ಕೂತು ಕಿವಿ ತನಕ ಕೆಂಪಾದರು. "ಅಯ್ಯೋ, ನಾನಲ್ಲ ಕಣೇ, ಕೈ..." ಎಂದು ತಡವರಿಸಿದರು. ಅಮ್ಮ ಮೊದಲು ನಕ್ಕರು. ಆಮೇಲೆ ಸೋಫಾ ಅಕ್ಕ. ಕೊನೆಗೆ ಮೇಷ್ಟ್ರೂ ಆ ಬರಿಯ ಸ್ಪಂಜಿನ ಮೇಲೆ ಬಿದ್ದುಕೊಂಡು ನಕ್ಕರು.

ನಗು ನಿಂತ ಮೇಲೆ ಸೋಫಾ ಅಕ್ಕನಿಗೆ ಒಂದು ಹೊಳೆಯಿತು. ನಗುವಾಗ ತಾನು ಸುಮ್ಮನೆ ತಮಾಷೆಗೆ ಕೈಯನ್ನು ಅವರ ಮುಖದ ಮೇಲೆ ಆಡಿಸಿದ್ದಳು, ಅವರ ಕೈ ಎದ್ದಿರಲಿಲ್ಲ.

"ಮೇಷ್ಟ್ರೇ, ಚಮಚ ಬರೋವಾಗ ಉಸಿರು ಏನು ಮಾಡ್ತೀರಿ?"

ಮೇಷ್ಟ್ರು ಯೋಚಿಸಿದರು. ಮಲಗಿದರು. ಅವಳು ಚಮಚ ತಂದಳು, ಅದು ಹಾರಿತು. "ಹಿಡೀತೀನಿ" ಎಂದರು ಅಚ್ಚರಿಯಿಂದ. "ಮೊದಲು ಉಸಿರು ನಿಲ್ಲುತ್ತೆ. ಅದು ನಿಂತ ಕೂಡಲೇ ಕೈ ಏಳುತ್ತೆ."

"ಹೊಡೆತ ಮೈಗೆ ಬೀಳೋವಾಗ ಉಸಿರು ಬಿಡು, ಹಿಡೀಬೇಡ ಅಂತ ನಮಗೆ ಹೇಳಿಕೊಟ್ಟಿದ್ದು ಯಾರು?"

"ಅದು ಹೊಟ್ಟೆಗೆ ಬೀಳೋ ಹೊಡೆತಕ್ಕೆ."

"ಮುಖಕ್ಕೂ ಅದೇ ಮಾಡಿ ನೋಡಿ."

ದಿನಾ ಮಧ್ಯಾಹ್ನ ಇದೇ ಕೆಲಸವಾಯಿತು. ಅವಳು ಸೋಫಾದ ಮರದ ಚೌಕಟ್ಟಿಗೆ ಬೆರಳಿಂದ ಟಕ್ ಎನ್ನಿಸುತ್ತಿದ್ದಳು; ಮೇಷ್ಟ್ರು ಅದಕ್ಕೆ ಬಾಗಿಲು ತಟ್ಟುವುದು ಎನ್ನುತ್ತಿದ್ದರು. ಮೇಷ್ಟ್ರು ಉಸಿರು ಬಿಡುತ್ತಿದ್ದರು. ಆ ಉಸಿರಿನ ಜೊತೆ ಚಮಚ ಇಳಿಯುತ್ತಿತ್ತು. ಮೊದಮೊದಲು ಕೈ ಎದ್ದು ಅರ್ಧ ದಾರಿಯಲ್ಲಿ ನಾಚಿಕೊಂಡು ನಿಲ್ಲುತ್ತಿತ್ತು. ಆಮೇಲೆ ಬೆರಳು ಮಾತ್ರ ಅಲುಗಿತು. ಸೋಫಾದ ಒಡೆಯ ಬಂದು, "ಇನ್ನೂ ಆಗಿಲ್ವಾ?" ಎಂದು ಕೇಳಿದರೆ ಸೋಫಾ ಅಕ್ಕ, "ಸ್ಪಂಜು ಸರಿಯಾಗಿ ಕೂರಬೇಕು ಸ್ವಾಮಿ, ಅದಕ್ಕೇ ದಿನಾ ಒಬ್ಬರನ್ನ ಮಲಗಿಸ್ತಿದ್ದೀನಿ" ಎಂದು ಸಾಗಹಾಕಿದಳು.

ಒಂದು ಮಧ್ಯಾಹ್ನ ಸೆಕೆ ಜೋರಾಗಿತ್ತು. ಫ್ಯಾನ್ ಗರಗರ ಎನ್ನುತ್ತಿತ್ತು. ಚಮಚವನ್ನು ಮುಖದ ಹತ್ತಿರ ತಂದಳು, ಇನ್ನೂ ಹತ್ತಿರ ತಂದಳು. ಮೇಷ್ಟ್ರು ರೆಪ್ಪೆ ಮುಚ್ಚಿದರು. ಅವಳು ಧೈರ್ಯ ಮಾಡಿ ಆ ತಣ್ಣನೆಯ ಚಮಚವನ್ನು ಮುಚ್ಚಿದ ರೆಪ್ಪೆಯ ಮೇಲೇ ಇಟ್ಟುಬಿಟ್ಟಳು. ಕೈ ಹೊಟ್ಟೆಯ ಮೇಲೆ ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಗೊರ್ ಎಂಬ ಸದ್ದು.

"ನಿದ್ದೆ ಮಾಡಿದ್ರು ಕಣೇ" ಎಂದು ಅಮ್ಮ ಪಿಸುಗುಟ್ಟಿದರು.

ಇಬ್ಬರು ಹೆಂಗಸರೂ ಅಲುಗಾಡದೆ ನಿಂತರು. ಮನೆಯಲ್ಲೂ ಬೆನ್ನು ಗೋಡೆಗೆ ಕೊಟ್ಟು, ಮುಖ ಬಾಗಿಲಿಗೆ ಮಾಡಿಯೇ ಮಲಗುವ ಮನುಷ್ಯ, ಬೀದಿಗೆ ಬಾಗಿಲು ತೆರೆದ ಅಂಗಡಿಯಲ್ಲಿ, ಕಣ್ಣ ಮೇಲೆ ಚಮಚ ಇಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದರು. ಅಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, "ಎಬ್ಬಿಸಬೇಡ" ಎಂದರು. ಸೋಫಾ ಅಕ್ಕ ಎಬ್ಬಿಸಲಿಲ್ಲ. ನೆಲದ ಮೇಲೆ ಕೂತು ಆ ಸೋಫಾದ ದಿಂಬುಗಳನ್ನು ಸದ್ದಿಲ್ಲದೆ ಹೊಲಿದು ಮುಗಿಸಿದಳು.

ಆಪರೇಷನ್ ದಿನ ಅವಳೂ ಅಮ್ಮನೂ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಒಳಗಿಂದ ಏನಾದರೂ ಬಿದ್ದ ಸದ್ದು, ಯಾರಾದರೂ ಕಿರುಚಿದ ಸದ್ದು ಬರುತ್ತದೋ ಎಂದು ಕಿವಿಗೊಟ್ಟು ಕೇಳುತ್ತಿದ್ದರು. ಬರಲಿಲ್ಲ. ಬಾಗಿಲು ತೆರೆದು ಆ ಗುಬ್ಬಚ್ಚಿ ಡಾಕ್ಟರು ನಗುನಗುತ್ತಾ ಬಂದಳು, ದವಡೆ ನೆಟ್ಟಗಿತ್ತು.

"ಇಷ್ಟು ಸುಮ್ನೆ ಮಲಗೋ ಪೇಷಂಟ್‌ನ ನಾನು ನೋಡೇ ಇಲ್ಲ" ಎಂದಳು. "ಆದ್ರೆ ಒಂದು ಗೊತ್ತಾಗ್ಲಿಲ್ಲ. ಆಗಾಗ, ಬಾಗಿಲು ತಟ್ಟಮ್ಮ, ಬಾಗಿಲು ತಟ್ಟು ಅಂತಿದ್ರು. ನಮ್ಮ ನರ್ಸ್ ಸುಮ್ನೆ ಮೇಜು ತಟ್ಟಿದ್ಲು. ತಟ್ಟಿದ ಕೂಡಲೇ ಉಸಿರು ಬಿಟ್ಟು ಹಾಯಾಗಿ ಮಲಗಿಬಿಟ್ರು."

ಮೇಷ್ಟ್ರು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅವಳ ಹಿಂದೆ ಬಂದರು. "ಕೈ ಎದ್ದಿತ್ತು" ಎಂದು ಸೋಫಾ ಅಕ್ಕನ ಕಿವಿಯಲ್ಲಿ ಹೇಳಿದರು. "ಒಂದು ಸಲ. ತೊಡೆ ಕೆಳಗೆ ಇಟ್ಕೊಂಡು ಅದರ ಮೇಲೆ ಮಲಗಿಬಿಟ್ಟೆ."

ಪಟ್ಟಿ ಬಿಚ್ಚಿದ ದಿನ ಅವರು ಮೊದಲು ಹೆಂಡತಿಯನ್ನು ಬಹಳ ಹೊತ್ತು ನೋಡಿದರಂತೆ. ಅಮ್ಮನಿಗೆ ಗಾಬರಿಯಾಗಿ, "ಏನ್ರೀ, ಗುರುತು ಸಿಗಲಿಲ್ವಾ?" ಎಂದರಂತೆ. ಆಮೇಲೆ ಸೋಫಾ ಅಕ್ಕ ಹೋದಾಗ, "ನಿನ್ನ ತಲೆ ಯಾವಾಗ ಬೆಳ್ಳಗಾಯ್ತಮ್ಮಾ?" ಎಂದು ಕೇಳಿದರು. ಅವಳು ಕೂದಲು ಮುಟ್ಟಿಕೊಂಡು, "ನೀವು ನೋಡದೇ ಇದ್ದಾಗ" ಎಂದಳು.

ಮೇಷ್ಟ್ರು ಮನೆಯಲ್ಲಿದ್ದಷ್ಟು ದಿನ ಶಾಲೆಯಲ್ಲಿ ಪಾಠ ನಡೆಸಿದವಳು ಅವಳೇ. "ಎಡಗೈ ಇಳಿಸಿ" ಎಂದು ಹೇಳಿ ಹೇಳಿ ಸಾಕಾಗಿತ್ತು. ನಿಜವಾದ ಕಾರಣ ಹೇಳುವ ಹಾಗಿಲ್ಲ. ಅದು ಮೇಷ್ಟ್ರ ಮಾತು, ಅವರೇ ಹೇಳಬೇಕು. ಪೋಸ್ಟ್‌ಮ್ಯಾನ್ ಅಂತೂ ಬಿಲ್‌ಕುಲ್ ಒಪ್ಪಲಿಲ್ಲ. "ನಮಗೆ ಏಟು ಬಿದ್ದಿದ್ದು ಗೋಪುರ ಕಾವಲಿನಿಂದ ಅಲ್ಲಕ್ಕ, ಅದನ್ನ ಸಾಕಷ್ಟು ಎತ್ತರ ಮಾಡದೇ ಇದ್ದಿದ್ದರಿಂದ" ಎಂದು ಇನ್ನೂ ಒಂದು ಗೇಣು ಮೇಲೆತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಪರಿಚಿತ ಹೆಜ್ಜೆ ಕೇಳಿತು. ಡಾಕ್ಟರು ಗುದ್ದಾಟ ಸದ್ಯಕ್ಕೆ ಬೇಡ, ನೋಡಬಹುದು ಎಂದಿದ್ದರು. ಮೇಷ್ಟ್ರು ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ನಿಂತರು. ಕಿಟಕಿಯ ಬೆಳಕಿನಲ್ಲಿ ಶಿಷ್ಯರೆಲ್ಲ ಜೋಡಿ ಜೋಡಿಯಾಗಿ, ಎಡಗೈ ನೆತ್ತಿಯ ಪಕ್ಕ, ಮೊಣಕೈ ರೆಕ್ಕೆ, ಕತ್ತು ಓರೆ. ಮೇಷ್ಟ್ರು ಕನ್ನಡಕ ತೆಗೆದರು. ಒಬ್ಬೊಬ್ಬರನ್ನೇ ನೋಡುತ್ತಾ ಬಂದರು. ಮುಖ ಕೆಂಪೇರಿತು.

"ಏನ್ರೋ ಇದು ಅವತಾರ?" ಕೋಣೆ ನಡುಗಿತು. "ಪಕ್ಕೆ ಬಯಲು, ಹೊಟ್ಟೆ ಬಯಲು! ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟು ಛಾವಣಿ ಮೇಲೆ ಕಾವಲು ಕೂತಿದ್ದೀರಾ? ಯಾವ ಕತ್ತೆ ಕಲಿಸಿದ್ದು ಇದನ್ನ?"

ಕೈಗಳು ಒಂದೊಂದಾಗಿ ಕೆಳಗಿಳಿದವು. ಪೋಸ್ಟ್‌ಮ್ಯಾನ್ ಮಾತ್ರ, ಎತ್ತಿದ ಕೈಯನ್ನು ಇಳಿಸುವುದೋ ಬೇಡವೋ ತಿಳಿಯದೆ, ಬಹಳ ವಿನಯದಿಂದ ಹೇಳಿದ: "ಅದು... ತಾವೇ, ಮೇಷ್ಟ್ರೇ."

ಮೇಷ್ಟ್ರು ಸೋಫಾ ಅಕ್ಕನ ಕಡೆ ತಿರುಗಿದರು. ಅವಳು ತುಟಿ ಬಿಗಿ ಹಿಡಿದು ತಲೆಯಾಡಿಸಿದಳು. ಮೇಷ್ಟ್ರು ಗೋಡೆಯ ಕನ್ನಡಿಯ ಮುಂದೆ ಹೋಗಿ, ತಾವೇ ಎಡಗೈ ಎತ್ತಿ, ಕತ್ತು ಓರೆ ಮಾಡಿ ನೋಡಿಕೊಂಡರು. ಭುಜ ಅಲುಗತೊಡಗಿತು. ಕೋಪ ಎಂದುಕೊಂಡು ಹುಡುಗರು ಹಿಂದೆ ಸರಿದರು. ಅವರು ನಗುತ್ತಿದ್ದರು. ಕುರ್ಚಿ ಬೇಕಾಗುವಷ್ಟು ನಕ್ಕರು. ಕೂತು ಕಣ್ಣೊರೆಸಲು ಹೋಗಿ, ಡಾಕ್ಟರು ಉಜ್ಜಬೇಡಿ ಎಂದದ್ದು ನೆನಪಾಗಿ ಕೈ ಕೆಳಗಿಟ್ಟರು.

ಆಮೇಲೆ ಎಲ್ಲ ಹೇಳಿದರು. ಪೊರೆ, ಕಾಣದ ಎಡಗಡೆ, ಆ ಕಡೆಯಿಂದ ಏನು ಬರುತ್ತದೋ ಎಂಬ ಭಯಕ್ಕೆ ಮೇಲೇರಿದ ಕೈ, ಚಮಚ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಚಮಚದ ಕಥೆಗೆ ಶಾಲೆಯೆಲ್ಲ ಹಾಸಿನ ಮೇಲೆ ಉರುಳಾಡಿತು. ಪೋಸ್ಟ್‌ಮ್ಯಾನ್ ಮಾತ್ರ ಒಂದು ಕ್ಷಣ ಪೆಚ್ಚಾದ. ಆದರೆ ಬಿಡುವ ಆಸಾಮಿಯಲ್ಲ. "ಆದ್ರೂ ಒಂದು ಒಪ್ಪಿಕೊಳ್ಳಬೇಕು ಮೇಷ್ಟ್ರೇ, ಇಷ್ಟು ದಿನದಲ್ಲಿ ನಮಗ್ಯಾರಿಗೂ ತಲೆಗೆ ಒಂದೇ ಒಂದು ಏಟು ಬಿದ್ದಿಲ್ಲ" ಎಂದ.

"ತಲೇಲಿ ಏನಿದೆ ಅಂತ ಹೊಡೀತಾರೆ?" ಎಂದರು ಮೇಷ್ಟ್ರು.

ಕೈ ಇಳಿಸುವುದೇನು ಸುಲಭದ ಮಾತಾಗಿರಲಿಲ್ಲ. ಏರಿದ ಕೈ ಇಳಿಯುವುದಕ್ಕೆ ಏರಿದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಎಷ್ಟೋ ಸಲ ಗುದ್ದಾಟದ ನಡುವೆ ಯಾರಾದರೂ "ಕಂಬಿ, ಕಂಬಿ!" ಎಂದು ಕೂಗಿದರೆ ಎದುರಿಗಿದ್ದವರು ನಾಚಿ ಕೈ ಗಲ್ಲದ ಹತ್ತಿರ ತರುತ್ತಿದ್ದರು. ಮೇಷ್ಟ್ರ ಬಲಗಣ್ಣಿಗೂ ಆಪರೇಷನ್ ಆಯಿತು. ಅದಕ್ಕೆ ಸೋಫಾ ಅಕ್ಕನ ಪಾಠ ಬೇಕಾಗಲಿಲ್ಲ. ಅಮ್ಮನ ಜೊತೆ ಬಸ್ಸಿನಲ್ಲಿ ಹೋಗಿ ಮಾಡಿಸಿಕೊಂಡು ಬಂದರು.

ಎರಡೂ ಕಣ್ಣು ಚೆನ್ನಾಗಿ ಕಾಣತೊಡಗಿದ ಮೇಲೆ ಮೇಷ್ಟ್ರ ಕಾಟ ಹೇಳತೀರದು. ಒಂದು ಬೆಳಿಗ್ಗೆ ಸೋಫಾ ಅಕ್ಕ ತನಗಿಂತ ಅರ್ಧ ವಯಸ್ಸಿನವಳೊಬ್ಬಳ ಜೊತೆ ಆಡುತ್ತಿದ್ದಾಗ ಕುರ್ಚಿಯಿಂದ ಕೂಗಿದರು: "ನಿಲ್ಲು, ನಿಲ್ಲು! ಹೊಡೆಯೋವಾಗ ಗದ್ದ ಮುಂದಕ್ಕೆ ಚಾಚ್ತೀಯಲ್ಲಮ್ಮ, ಏಟನ್ನ ಊಟಕ್ಕೆ ಕರೆದ ಹಾಗೆ! ಎಷ್ಟು ವರ್ಷದಿಂದ ನಡೀತಿದೆ ಇದು?"

"ನನಗೇನು ಗೊತ್ತು? ಯಾರೂ ಹೇಳಲಿಲ್ಲ" ಎಂದಳು ಅವಳು, ಬೆವರು ಒರೆಸಿಕೊಳ್ಳುತ್ತಾ.

"ಯಾರಿಗೂ ಕಂಡಿರಲಿಲ್ಲ. ಈಗ ಕಂಡಿದೆ. ಬಾ ಇಲ್ಲಿ."

ಮೇಷ್ಟ್ರು ಎದ್ದು ಬಂದು ಎದುರಿಗೆ ನಿಂತರು. ಎಡಗೈ ಗಲ್ಲದ ಪಕ್ಕಕ್ಕೆ ಬಂದು ಮಲಗಿತು. ಸೋಫಾ ಅಕ್ಕ ಗದ್ದ ಒಳಗೆಳೆದುಕೊಂಡು, ಉಸಿರು ಬಿಟ್ಟು, ಬಲಗೈ ಚಾಚಿದಳು. ಬೆಕ್ಕು ಎದ್ದಿತ್ತು. ಮಣಿಕಟ್ಟಿಗೆ ಬಿದ್ದ ಪೆಟ್ಟು ಚುರುಗುಟ್ಟಿತು. ಅಂಗಡಿ ತೆರೆಯುವ ಹೊತ್ತು ಮೀರಿತ್ತು, ಒಂದು ಜೊತೆ ಕುರ್ಚಿ ಕಾಯುತ್ತಿತ್ತು. ಇರಲಿ ಎಂದುಕೊಂಡು ಅವಳು ಮತ್ತೆ ವರಸೆಗೆ ನಿಂತಳು.

"ಇನ್ನೊಂದು ಸಲ, ಮೇಷ್ಟ್ರೇ."